ಏಡಿಯ ಕಾಲು ಬಿಸಾಡಬೇಡಿ: ಆರಿಸುವುದರಿಂದ ಬಡಿಸುವವರೆಗೆ ಏಡಿ ಸುಕ್ಕ

ನಮ್ಮ ಮನೆಗೆ ಏಡಿ ಬಂದ ದಿನ ಅಮ್ಮ ಎರಡು ಬಟ್ಟಲು ಇಟ್ಟುಕೊಂಡು ಕೂರುತ್ತಿದ್ದರು. ದೊಡ್ಡ ಕಾಲು ಒಂದಕ್ಕೆ, ಸಣ್ಣ ಕಾಲು ಇನ್ನೊಂದಕ್ಕೆ. ಮೈಯ ವಿಚಾರ ಆಮೇಲೆ. ಬೆಂಗಳೂರಿಗೆ ಬಂದ ಮೇಲೆ ನೋಡಿದರೆ, ಮೀನಿನ ಅಂಗಡಿಯಲ್ಲಿ ಕ್ಲೀನ್ ಮಾಡಿಕೊಡಿ ಅಂದರೆ ಸಣ್ಣ ಕಾಲನ್ನೆಲ್ಲ ಕಚಕಚ ಕತ್ತರಿಸಿ ಕಸದ ಬುಟ್ಟಿಗೆ ಹಾಕಿಬಿಡುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ಹೊಟ್ಟೆ ಉರಿದುಹೋಯಿತು. ಸಾರಿಗೆ ರುಚಿ ಕೊಡುವುದೇ ಆ ಕಾಲು. ಅದಕ್ಕೇ ಈ ಬರಹವನ್ನು ಕಾಲಿನ ಕಡೆಯಿಂದಲೇ ಬರೆಯುತ್ತಿದ್ದೇನೆ. ದಪ್ಪ ಕಾಲನ್ನು ಹೇಗೆ ಒಡೆಯಬೇಕು, ಸಣ್ಣ ಕಾಲಿನ ರಸ ಹೇಗೆ ತೆಗೆಯಬೇಕು, ಎಷ್ಟು ಹೊತ್ತು ಬೇಯಿಸಬೇಕು, ತಟ್ಟೆಯಲ್ಲಿ ಬಿಡಿಸಿ ತಿನ್ನುವುದು ಹೇಗೆ, ಎಲ್ಲ ಹೇಳುತ್ತೇನೆ. ಅಡುಗೆ ಕರಾವಳಿಯ ಏಡಿ ಸುಕ್ಕ, ಅಂದರೆ ನೀರು ಇಂಗಿಸಿ ತರಿ ಕಾಯಿ ಹಾಕಿ ಮಾಡುವ ಒಣ ಅಡುಗೆ.

ಯಾವ ಏಡಿ ತರಬೇಕು

ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ, ಮೈಸೂರು ಮಂಡ್ಯದ ಕಡೆ ನಳ್ಳಿ, ಇನ್ನು ಕೆಲವು ಕಡೆ ಏಡಿಕಾಯಿ. ಹೆಸರು ಹಲವಾದರೂ ಕರಾವಳಿಯ ಪೇಟೆಯಲ್ಲಿ ನಿಮಗೆ ಸಿಗುವುದು ಮುಖ್ಯವಾಗಿ ಎರಡು ಬಗೆ. ಒಂದು ಸಮುದ್ರದ ಏಡಿ. ಇದರಲ್ಲಿ ನೀಲಿ ಕಾಲಿನದ್ದು, ಬೆನ್ನ ಮೇಲೆ ಮೂರು ಚುಕ್ಕೆ ಇರುವುದು, ಶಿಲುಬೆಯಂಥ ಗುರುತು ಇರುವುದು ಹೀಗೆ ಬೇರೆ ಬೇರೆ ಜಾತಿ. ಚಿಪ್ಪು ತೆಳು, ಮಾಂಸ ಸಿಹಿ, ಬೇಗ ಬೇಯುತ್ತದೆ. ಇನ್ನೊಂದು ಕೆಸರು ಏಡಿ. ಗಂಗೊಳ್ಳಿಯ ಪಂಚಗಂಗಾವಳಿ, ಕುಮಟಾ ಹತ್ತಿರದ ಅಘನಾಶಿನಿ, ಕಾರವಾರದ ಕಾಳಿ, ಇಂಥ ನದಿಗಳ ಅಳಿವೆಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಲ್ಲಿ ಇರುವಂಥದ್ದು. ಕಪ್ಪು ಹಸಿರು ಬಣ್ಣ, ಕಲ್ಲಿನಂಥ ಚಿಪ್ಪು, ಮುಷ್ಟಿ ಗಾತ್ರದ ಮುಂಗಾಲು. ರೇಟು ಜಾಸ್ತಿ, ಆದರೆ ಕಾಲಿನ ಮಾಂಸ ತಿನ್ನಬೇಕು ಅಂತ ಆಸೆ ಇದ್ದವರಿಗೆ ಇದೇ ಸರಿ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆಗ ಸಮುದ್ರದ ಏಡಿ ಅಪರೂಪ. ಆ ದಿನಗಳಲ್ಲಿ ರಾಶಿ ಹಾಕಿಕೊಂಡು ಕೂತಿದ್ದರೆ ಎಷ್ಟು ದಿನದ ಮಾಲು ಅಂತ ಕೇಳಿಯೇ ತನ್ನಿ.

ಆರಿಸುವಾಗ ಗಾತ್ರ ನೋಡಿ ಮೋಸ ಹೋಗಬೇಡಿ, ಕೈಯಲ್ಲಿ ಎತ್ತಿ ನೋಡಿ. ಒಂದೇ ಗಾತ್ರದ ಎರಡು ಏಡಿಯನ್ನು ಎರಡು ಕೈಯಲ್ಲಿ ಹಿಡಿದರೆ ಒಂದು ಭಾರ, ಒಂದು ಹಗುರ ಅನ್ನಿಸುತ್ತದೆ. ಭಾರದ್ದು ತನ್ನಿ. ಏಡಿ ಬೆಳೆಯುವಾಗ ಹಳೇ ಚಿಪ್ಪು ಕಳಚಿ ಹೊಸ ಚಿಪ್ಪು ತೊಡುತ್ತದೆ. ಹೊಸ ಚಿಪ್ಪಿನೊಳಗೆ ಸ್ವಲ್ಪ ದಿನ ಮಾಂಸ ಕಡಿಮೆ, ನೀರು ಜಾಸ್ತಿ. ಇದನ್ನು ಪತ್ತೆ ಮಾಡಲು ಕಾಲಿನ ದಪ್ಪ ಭಾಗವನ್ನು ಹೆಬ್ಬೆರಳಿನಿಂದ ಒತ್ತಿ. ಕಾಗದದ ಹಾಗೆ ಒಳಗೆ ಹೋದರೆ ಅದು ಪೊಳ್ಳು, ಬಿಟ್ಟುಬಿಡಿ. ಗಟ್ಟಿ ಇದ್ದರೆ ತುಂಬಿದ ಏಡಿ. ಅಮಾವಾಸ್ಯೆ ಹೊತ್ತಿನ ಏಡಿ ತುಂಬಿರುತ್ತದೆ, ಹುಣ್ಣಿಮೆಯದ್ದು ಖಾಲಿ ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ನಾನು ಮಾತ್ರ ಹೆಬ್ಬೆರಳನ್ನೇ ನಂಬುತ್ತೇನೆ.

ಹೊಟ್ಟೆ ಕಡೆ ತಿರುಗಿಸಿದರೆ ಒಂದು ಮುಚ್ಚಳ ಕಾಣುತ್ತದೆ. ಕಿರಿದಾಗಿ ಮೊನಚಾಗಿದ್ದರೆ ಗಂಡು, ಅಗಲವಾಗಿ ಗುಂಡಗಿದ್ದರೆ ಹೆಣ್ಣು. ಕಾಲಿನ ಮಾಂಸ ಬೇಕಾದರೆ ಗಂಡು ತನ್ನಿ, ಮುಂಗಾಲು ದೊಡ್ಡದಿರುತ್ತದೆ. ಹೊಟ್ಟೆಯ ಹೊರಗಡೆ ಮೊಟ್ಟೆಯ ಗೊಂಚಲು ಅಂಟಿಸಿಕೊಂಡಿರುವ ಹೆಣ್ಣನ್ನು ದಯವಿಟ್ಟು ಕೊಳ್ಳಬೇಡಿ. ಕೊಳ್ಳುವವರು ಇಲ್ಲದಿದ್ದರೆ ಹಿಡಿಯುವವರೂ ನೀರಿಗೆ ಬಿಡುತ್ತಾರೆ. ಮುಂದಿನ ವರ್ಷದ ಏಡಿ ಅಲ್ಲೇ ಇದೆ, ಅಲ್ವಾ?

ಕೆಸರು ಏಡಿ ಜೀವಂತ ಇದ್ದರೆ ಮಾತ್ರ ತನ್ನಿ. ಸತ್ತ ಏಡಿಯೊಳಗೆ ಬ್ಯಾಕ್ಟೀರಿಯಾ ತುಂಬ ಬೇಗ ಬೆಳೆಯುತ್ತದೆ, ಮಾಂಸ ಕರಗಿ ಹಿಟ್ಟಿನಂತಾಗುತ್ತದೆ. ಸಮುದ್ರದ ಏಡಿ ಹೆಚ್ಚಾಗಿ ಐಸ್‌ನಲ್ಲೇ ಬರುತ್ತದೆ. ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಸಮುದ್ರದ ವಾಸನೆ ಸರಿ, ಕಣ್ಣಿಗೆ ಚುಚ್ಚುವಂಥ ಘಾಟು ಬಂದರೆ ಬೇಡ. ಒಮ್ಮೆ ನಾನು ಸಂಜೆಯ ಗಡಿಬಿಡಿಯಲ್ಲಿ ಮೂಸಿ ನೋಡದೆ ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಬಿಚ್ಚಿದ ಕೂಡಲೇ ಘಾಟು. ಮಸಾಲೆ ಆಗಲೇ ಅರೆದಾಗಿತ್ತು, ಆದರೂ ಏಡಿಯನ್ನೆಲ್ಲ ಎಸೆದೆ. ಇಂಥ ಏಡಿಯನ್ನು ಯಾವ ಹುಳಿ ಖಾರವೂ ಸರಿ ಮಾಡುವುದಿಲ್ಲ.

ಶುಚಿ ಮಾಡುವುದು

ಜೀವಂತ ಏಡಿಯನ್ನು ನೇರವಾಗಿ ಕುದಿಯುವ ನೀರಿಗೆ ಹಾಕಬೇಡಿ. ಅದಕ್ಕೂ ಹಿಂಸೆ, ಗಾಬರಿಯಲ್ಲಿ ಕಾಲನ್ನೂ ಕಳಚಿಬಿಡುತ್ತದೆ. ಕಟ್ಟಿದ ಹಗ್ಗ ಬಿಚ್ಚದೆ ಫ್ರೀಜರ್‌ನಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ ಇಡಿ. ಚಳಿಗೆ ಅದು ಪೂರ್ತಿ ಮಂಕಾಗುತ್ತದೆ. ಅಲ್ಲಾಡುವುದು ನಿಂತಿದೆ ಅಂತ ಖಾತ್ರಿಯಾದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮುಚ್ಚಳ ಎತ್ತಿ, ಅದರ ಕೆಳಗೆ ನಡುಭಾಗಕ್ಕೆ ಗಟ್ಟಿ ಚೂರಿಯ ತುದಿಯನ್ನು ಒಂದೇ ಸಲಕ್ಕೆ ಇಳಿಸಿ. ಇನ್ನೊಂದು ಸಲ ಕಣ್ಣುಗಳ ನಡುವೆ. ಹಗ್ಗ ಬಿಚ್ಚುವುದು ಇದಾದ ಮೇಲೆ. ಕೆಸರು ಏಡಿಯ ಹಿಡಿತಕ್ಕೆ ಬೆರಳು ಸಿಕ್ಕರೆ ಮೂಳೆಗೇ ಪೆಟ್ಟಾಗಬಹುದು, ಧೈರ್ಯ ತೋರಿಸುವ ಜಾಗ ಇದಲ್ಲ.

ಈಗ ಮುಚ್ಚಳ ಕಿತ್ತುಹಾಕಿ. ಹಿಂಭಾಗದಲ್ಲಿ ಹೆಬ್ಬೆರಳು ಕೊಟ್ಟು ಬೆನ್ನಿನ ಚಿಪ್ಪನ್ನು ಎತ್ತಿದರೆ ಡಬ್ಬಿಯ ಹಾಗೆ ತೆರೆದುಕೊಳ್ಳುತ್ತದೆ. ಎರಡೂ ಬದಿಯಲ್ಲಿ ಬೂದು ಬಣ್ಣದ, ಮೆತ್ತಗಿನ, ಹೂವಿನ ಎಸಳಿನಂಥದ್ದು ಕಾಣುತ್ತದಲ್ಲ, ಅದು ಕಿವಿರು. ಪೂರ್ತಿ ತೆಗೆಯಿರಿ. ಕಣ್ಣಿನ ಹಿಂದೆ ಇರುವ ಸಣ್ಣ ಚೀಲ ಅದರ ಜಠರ, ಅದನ್ನೂ ತೆಗೆಯಿರಿ. ಹಳದಿ ಕೊಬ್ಬು ಮತ್ತು ಹೆಣ್ಣಿನೊಳಗಿನ ಕೇಸರಿ ಬಣ್ಣದ ಗಟ್ಟಿ ತತ್ತಿ ತಿನ್ನುವಂಥದ್ದು, ಬೇಕಾದವರು ಇಟ್ಟುಕೊಳ್ಳಿ. ಹಳೇ ಟೂತ್‌ಬ್ರಷ್‌ನಿಂದ ಕಾಲಿನ ಸಂದುಗಳನ್ನು ಉಜ್ಜಿ, ನಲ್ಲಿಯ ಕೆಳಗೆ ಬೇಗ ತೊಳೆಯಿರಿ. ನೀರಿನಲ್ಲಿ ನೆನೆಹಾಕಬೇಡಿ, ಸಿಹಿ ಹೊರಟುಹೋಗುತ್ತದೆ.

ಕಾಲು ಬೇರೆ ಮಾಡುವುದು, ಒಡೆಯುವುದು

ಏಡಿಗೆ ಹತ್ತು ಕಾಲು. ಎಲ್ಲವನ್ನೂ ಒಂದೇ ರೀತಿ ನೋಡಬಾರದು.

ಇಕ್ಕಳದಂಥ ಎರಡು ಮುಂಗಾಲುಗಳನ್ನು ಬುಡದಲ್ಲಿ ತಿರುಚಿ ತೆಗೆಯಿರಿ. ಇವು ಸುಕ್ಕಕ್ಕೆ. ಅದರ ಹಿಂದಿನ ಮೂರು ಜೊತೆ ಸಣ್ಣ ಕಾಲನ್ನು ಕತ್ತರಿಯಿಂದ ಕತ್ತರಿಸಿ. ಇವು ರಸಕ್ಕೆ. ಕೊನೆಯ ಜೊತೆ ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾಗಿರುತ್ತದೆ, ಏಡಿ ಈಜುವುದು ಅದರಲ್ಲೇ. ಅದನ್ನು ಮಾತ್ರ ಮೈಗೆ ಅಂಟಿದ ಹಾಗೇ ಬಿಡಿ. ಈಜುವ ಕಾಲಿಗೆ ಶಕ್ತಿ ಕೊಡುವ ಸ್ನಾಯು ಅದರ ಬುಡದಲ್ಲಿದೆ, ಇಡೀ ಮೈಯಲ್ಲಿ ಅದೇ ಅತಿ ದೊಡ್ಡ ಮಾಂಸದ ತುಂಡು. ಕಾಲು ಇದ್ದರೆ ತಿನ್ನುವಾಗ ಅದೇ ಹಿಡಿಕೆ. ಮೈಯನ್ನು ನಡುವೆ ಎರಡು ಭಾಗ ಮಾಡಿ, ತುಂಬ ದೊಡ್ಡದಿದ್ದರೆ ನಾಲ್ಕು.

ಇನ್ನು ಒಡೆಯುವುದು. ನಾನು ಮದುವೆಯಾದ ಹೊಸತರಲ್ಲಿ ಒಮ್ಮೆ ಒಡೆಯದೆ ಹಾಗೇ ಬೇಯಿಸಿದ್ದೆ. ಊಟಕ್ಕೆ ಬಂದ ಚಿಕ್ಕಮ್ಮ ಹಲ್ಲಿನಲ್ಲಿ ಕಚ್ಚಿ ಕಚ್ಚಿ ಸಾಕಾಗಿ ಪಕ್ಕಕ್ಕೆ ಇಟ್ಟರು. ಆಮೇಲೆ ನಾನು ಒಂದನ್ನು ಒಡೆದು ನೋಡಿದರೆ ಒಳಗೆ ಮಾಂಸ ಬೆಳ್ಳಗೆ ಸಪ್ಪೆ, ಉಪ್ಪೂ ಇಳಿದಿರಲಿಲ್ಲ. ಚಿಪ್ಪಿಗೆ ಬಿರುಕು ಬೀಳದೆ ಮಸಾಲೆ ಒಳಗೆ ಹೋಗುವುದಿಲ್ಲ ಅನ್ನುವುದು ಅವತ್ತು ಅರ್ಥವಾಯಿತು.

ಮಣೆ ಅಥವಾ ದಪ್ಪ ಹಲಗೆಯ ಮೇಲೆ ಮುಂಗಾಲು ಇಡಿ, ಮೇಲೆ ಒದ್ದೆ ಬಟ್ಟೆ ಹಾಸಿ. ಬಟ್ಟೆ ಇಲ್ಲದಿದ್ದರೆ ಚೂರು ಅಡುಗೆಮನೆ ತುಂಬ ಹಾರುತ್ತದೆ. ಕುಟ್ಟಾಣಿಯಿಂದ ಇಕ್ಕಳದ ಉಬ್ಬಿದ ಭಾಗಕ್ಕೆ ಒಂದೇ ಏಟು. ಟಪ್ ಅಂತ ಮಂದವಾದ ಸದ್ದು ಬಂದರೆ ಬಿರುಕು ಬಿದ್ದಿದೆ. ಬಟ್ಟೆ ಎತ್ತಿ ನೋಡಿ: ಚಿಪ್ಪು ಎರಡು ಮೂರು ಗೆರೆಯಾಗಿ ಸೀಳಿರಬೇಕು, ಆದರೆ ಬಿಚ್ಚಿ ಬೀಳಬಾರದು, ಸಂದಿಯಲ್ಲಿ ಮಾಂಸ ಸುಮ್ನೆ ಇಣುಕಬೇಕು, ಅಷ್ಟೇ. ಅದರ ಹಿಂದಿನ ಎರಡು ಗೆಣ್ಣಿಗೂ ಒಂದೊಂದು ಏಟು, ಸ್ವಲ್ಪ ಮೆಲ್ಲಗೆ. ಪುಡಿಪುಡಿಯಾದರೆ ಚಿಪ್ಪಿನ ಚೂರು ಮಸಾಲೆಯಲ್ಲಿ ಸೇರಿ ಹಲ್ಲಿಗೆ ಸಿಗುತ್ತದೆ. ಸಮುದ್ರದ ಏಡಿಗೆ ಇಷ್ಟು ಬಲ ಬೇಡ, ಲಟ್ಟಣಿಗೆಯ ತುದಿ ಸಾಕು.

ಸಣ್ಣ ಕಾಲಿನ ರಸ

ಇದೊಂದು ಕೆಲಸ ಮಾಡಿ ನೋಡಿ, ಆಮೇಲೆ ನೀವೇ ಅಂಗಡಿಯವರಿಗೆ ಕಾಲು ಕೊಡಿ ಅಂತ ಹೇಳುತ್ತೀರಿ. ಸಣ್ಣ ಕಾಲುಗಳ ಮೊನಚು ತುದಿ ಕತ್ತರಿಸಿ ಹಾಕಿ. ಉಳಿದದ್ದನ್ನು ಚಿಕ್ಕ ತುಂಡು ಮಾಡಿ, ಒಂದು ಲೋಟ ನೀರು ಹಾಕಿ, ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ನಾಲ್ಕೈದು ಸಲ ತಿರುಗಿಸಿ. ನುಣ್ಣಗೆ ಆಗುವುದು ಬೇಡ, ಜಜ್ಜಿದಂತಾದರೆ ಸಾಕು. ಒರಳಿದ್ದವರು ಒರಳಲ್ಲೇ ಜಜ್ಜಿ, ರುಚಿ ಇನ್ನೂ ಚೆನ್ನ. ಮೊದಲು ಜರಡಿಯಲ್ಲಿ, ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಎರಡು ಸಲ ಸೋಸುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ, ಒಂದು ಚೂರು ಚಿಪ್ಪೂ ಉಳಿಯಬಾರದು.

ಬರುವ ರಸ ಬೂದು ಬಣ್ಣ, ನೋಡುವುದಕ್ಕೆ ಏನೂ ಚೆಂದ ಇಲ್ಲ. ಒಲೆಗೆ ಏರಿದ ಮೇಲೆ ಅದರ ಬಣ್ಣ ಬದಲಾಗುತ್ತದೆ. ಏಡಿಯ ಚಿಪ್ಪಿನಲ್ಲಿ ಕೇಸರಿ ಬಣ್ಣ ಮೊದಲೇ ಇರುತ್ತದೆ, ಪ್ರೊಟೀನ್ ಒಂದು ಅದನ್ನು ಹಿಡಿದಿಟ್ಟುಕೊಂಡಿರುವುದರಿಂದ ನೀಲಿ ಹಸಿರಾಗಿ ಕಾಣುತ್ತದೆ. ಬಿಸಿಗೆ ಆ ಪ್ರೊಟೀನ್ ಸಡಿಲವಾಗುತ್ತದೆ, ಕೇಸರಿ ಹೊರಗೆ ಬರುತ್ತದೆ. ರಸ ಕಾಯುವಾಗ ಸಣ್ಣ ಸಣ್ಣ ಗಂಟಿನ ಹಾಗೆ ಕಟ್ಟುತ್ತದೆ, ಕೆಟ್ಟಿತು ಅಂತ ಹೆದರಬೇಡಿ. ಮೊಟ್ಟೆ ಗಟ್ಟಿಯಾಗುವ ಹಾಗೆಯೇ ಅದು. ಆದರೆ ಹಸಿ ರಸವನ್ನು ಹೊರಗೆ ಇಡಬಾರದು. ತೆಗೆದ ಕೂಡಲೇ ಬಳಸಿ, ಇಲ್ಲವೇ ಫ್ರಿಜ್‌ನಲ್ಲಿಡಿ.

ಸಣ್ಣ ಕಾಲು ಜಜ್ಜಿ ರಸ ತೆಗೆಯುವುದು ಗದ್ದೆ ಹಳ್ಳದ ಏಡಿ ತಿನ್ನುವ ಮಲೆನಾಡಿನವರಿಗೂ, ನಳ್ಳಿ ಸಾರು ಮಾಡುವ ಹಳೇ ಮೈಸೂರಿನವರಿಗೂ ಗೊತ್ತಿರುವ ಕ್ರಮವೇ. ಆ ಏಡಿಗಳು ಸಣ್ಣವು, ಕಾಲಿನಿಂದ ಮಾಂಸ ಬಿಡಿಸುವುದು ಕಷ್ಟ. ಅದಕ್ಕೆ ಜಜ್ಜಿ ಸಾರಿಗೆ ಇಳಿಸುತ್ತಾರೆ.

ಸುಕ್ಕ ಮಾಡುವುದು

ಒಂದು ಕಿಲೋ ಏಡಿಗೆ ಲೆಕ್ಕ ಹೇಳುತ್ತೇನೆ, ನಾಲ್ಕು ಜನಕ್ಕೆ ಸಾಕು.

ಹುರಿಯುವುದಕ್ಕೆ: ಬ್ಯಾಡಗಿ ಮೆಣಸು 12, ಕೊತ್ತಂಬರಿ ಬೀಜ 2 ದೊಡ್ಡ ಚಮಚ, ಜೀರಿಗೆ 1 ಚಿಕ್ಕ ಚಮಚ, ಕಾಳುಮೆಣಸು 1 ಚಿಕ್ಕ ಚಮಚ, ಮೆಂತ್ಯ ಹತ್ತು ಹನ್ನೆರಡು ಕಾಳು. ಇವನ್ನು ಒಂದೊಂದಾಗಿ, ಒಂದೆರಡು ಹನಿ ತೆಂಗಿನೆಣ್ಣೆಯಲ್ಲಿ, ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕಪ್ಪಾದರೆ ಇಡೀ ಸುಕ್ಕ ಕಹಿ. ಆರಿದ ಮೇಲೆ 6 ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆಹಣ್ಣು, ಅರ್ಧ ಚಮಚ ಅರಿಶಿನ ಸೇರಿಸಿ, ಸ್ವಲ್ಪ ನೀರಿನಲ್ಲಿ ಬೆಣ್ಣೆಯ ಹಾಗೆ ಅರೆಯಿರಿ.

ಬೇರೆಯಾಗಿ ಒಂದೂವರೆ ಲೋಟ ಹಸಿ ಕಾಯಿತುರಿ, 3 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ ಸೇರಿಸಿ, ನೀರು ಹಾಕದೆ ಮಿಕ್ಸಿಯಲ್ಲಿ ಎರಡು ಸುತ್ತು. ತರಿತರಿಯಾಗಿ ಇರಬೇಕು. ಇದು ಕೊನೆಗೆ.

ಅಗಲ ಬಾಯಿಯ ಪಾತ್ರೆ ಬೇಕು. ಮಣ್ಣಿನ ಪಾತ್ರೆ ಇದ್ದರೆ ಅದೇ ಒಳ್ಳೇದು, ಹುಳಿಗೆ ಏನೂ ಆಗುವುದಿಲ್ಲ. 3 ದೊಡ್ಡ ಚಮಚ ತೆಂಗಿನೆಣ್ಣೆ ಕಾಯಿಸಿ, ಕರಿಬೇವು, ಸಣ್ಣಗೆ ಹೆಚ್ಚಿದ 2 ಈರುಳ್ಳಿ ಹಾಕಿ ಹೊಂಬಣ್ಣ ಬರುವಷ್ಟು ಬಾಡಿಸಿ. ಅರೆದ ಮಸಾಲೆ ಹಾಕಿ ಐದು ನಿಮಿಷ ಕೈಬಿಡದೆ ತಿರುವಿ. ಹಸಿ ವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಕಾಣಿಸುತ್ತದೆ. ಈಗ ಕಾಲಿನ ರಸ ಹಾಕಿ ಕುದಿಸಿ. ಉಪ್ಪು ಕೈ ಹಿಡಿದು ಹಾಕಿ, ಸಮುದ್ರದ ಏಡಿಯಲ್ಲೇ ಒಂದಿಷ್ಟು ಉಪ್ಪಿರುತ್ತದೆ.

ರಸ ಚೆನ್ನಾಗಿ ಕುದಿ ಬಂದ ಮೇಲೆ ಮೊದಲು ಒಡೆದ ಮುಂಗಾಲು ಹಾಕಿ. ಚಿಪ್ಪು ದಪ್ಪ ಇರುವುದರಿಂದ ಅದಕ್ಕೆ ಮೂರು ನಾಲ್ಕು ನಿಮಿಷ ಮುಂಚೆ ಬೇಕು. ಕೆಸರು ಏಡಿಯದ್ದಾದರೆ ಆರು. ಆಮೇಲೆ ಮೈಯ ತುಂಡುಗಳು. ಮುಚ್ಚಿ, ಮಧ್ಯಮ ಉರಿಯಲ್ಲಿ ಸಮುದ್ರದ ಏಡಿಗೆ ಎಂಟು ನಿಮಿಷ, ಕೆಸರು ಏಡಿಗೆ ಹನ್ನೆರಡು. ನಡುವೆ ಸೌಟು ಹಾಕಿ ಕೆದಕಬೇಡಿ. ಪಾತ್ರೆಯನ್ನು ಎರಡು ಕೈಯಲ್ಲಿ ಬಟ್ಟೆ ಹಿಡಿದು ಕುಲುಕಿ, ಕಾಲು ಮುರಿಯದೆ ಮೇಲಿನದು ಕೆಳಗೆ ಹೋಗುತ್ತದೆ.

ಬೆಂದಿದೆಯೋ ಇಲ್ಲವೋ ಅಂತ ಚಿಪ್ಪಿನ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಅದು ಎರಡೇ ನಿಮಿಷದಲ್ಲಿ ಕೆಂಪಾಗುತ್ತದೆ. ಮುಂಗಾಲಿನ ಬಿರುಕಿನಲ್ಲಿ ನೋಡಿ. ಗಾಜಿನಂತೆ ಕಾಣುತ್ತಿದ್ದ ಮಾಂಸ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಬೆಂದಿದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಹತ್ತು ನಿಮಿಷ ಇರಲಿ ಅಂತ ಬಿಟ್ಟರೆ ಮಾಂಸ ನಾರಾಗಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಏಡಿ ಬಿಡಿಸುವುದು ಕಷ್ಟ ಅನ್ನುವವರಲ್ಲಿ ಹೆಚ್ಚಿನವರು ತಿಂದಿರುವುದು ಇಂಥ ಅತಿಯಾಗಿ ಬೆಂದ ಏಡಿಯನ್ನೇ.

ಮುಚ್ಚಳ ತೆಗೆದು ಉಳಿದ ನೀರು ಇಂಗಿಸಿ, ತರಿ ಕಾಯಿ ಹಾಕಿ ಮೆಲ್ಲಗೆ ಬೆರೆಸಿ. ಸಣ್ಣ ಉರಿಯಲ್ಲಿ ಮೂರು ನಿಮಿಷ. ಒಲೆ ಆರಿಸಿ, ಮುಚ್ಚಿ, ಕಾಲು ಗಂಟೆ ಬಿಡಿ. ಈ ಕಾಲು ಗಂಟೆಯಲ್ಲೇ ಮಸಾಲೆ ಬಿರುಕಿನೊಳಗೆ ಇಳಿಯುವುದು. ಮಕ್ಕಳು ಅಡುಗೆಮನೆಗೆ ಬಂದು ಬಂದು ಹೋಗುತ್ತಾರೆ, ಆದರೂ ತೆರೆಯಬೇಡಿ.

ಬಡಿಸುವುದು, ಬಿಡಿಸುವುದು

ಜೊತೆಗೆ ನೀರ್ ದೋಸೆ ಅಥವಾ ಕುಚಲಕ್ಕಿ ಅನ್ನ. ನನಗೆ ನೀರ್ ದೋಸೆಯೇ ಇಷ್ಟ. ತೆಳ್ಳಗೆ, ಸಪ್ಪೆಯಾಗಿ ಇರುವುದರಿಂದ ಮಸಾಲೆಯನ್ನು ಹೀರಿಕೊಂಡೂ ಏಡಿಯ ಸಿಹಿಗೆ ಅಡ್ಡ ಬರುವುದಿಲ್ಲ. ಊಟಕ್ಕೆ ಕೂರುವ ಮೊದಲು ಪ್ರತಿಯೊಬ್ಬರ ಪಕ್ಕದಲ್ಲೂ ಚಿಪ್ಪು ಹಾಕಲು ಒಂದು ಬಟ್ಟಲು, ನಡುವೆ ಕುಟ್ಟಾಣಿ, ಕೈ ತೊಳೆಯಲು ನಿಂಬೆ ಹಿಂಡಿದ ಬೆಚ್ಚನೆ ನೀರು ಇಡಿ. ಅರ್ಧದಲ್ಲಿ ಎದ್ದು ಹೋಗುವ ಊಟ ಇದಲ್ಲ.

ಮೊದಲು ಮೈಯ ತುಂಡು ತೆಗೆದುಕೊಳ್ಳಿ. ಚಪ್ಪಟೆ ಈಜುಗಾಲಿನ ಬುಡವನ್ನು ಹಿಡಿದು, ಸ್ವಲ್ಪ ಅಲ್ಲಾಡಿಸಿ, ಮೆಲ್ಲಗೆ ಎಳೆಯಿರಿ. ಸರಿಯಾಗಿ ಬೆಂದಿದ್ದರೆ ಬೆರಳಿನ ತುದಿಯಷ್ಟು ದಪ್ಪದ ಮಾಂಸದ ಉಂಡೆ ಕಾಲಿನ ಜೊತೆಗೇ ಹೊರಗೆ ಬರುತ್ತದೆ. ಅದನ್ನು ತಟ್ಟೆಯ ಮಸಾಲೆಯಲ್ಲಿ ಒಮ್ಮೆ ಹೊರಳಿಸಿ ಬಾಯಿಗೆ ಹಾಕಿಕೊಳ್ಳಿ.

ಮುಂಗಾಲಿಗೆ ಇನ್ನೊಂದು ಉಪಾಯ. ಇಕ್ಕಳದಲ್ಲಿ ಎರಡು ಬೆರಳಿವೆ, ಒಂದು ಮಾತ್ರ ಆಡುತ್ತದೆ. ಆಡುವ ಬೆರಳನ್ನು ಹಿಂದಕ್ಕೆ ಬಗ್ಗಿಸಿ ನಿಧಾನ ಎಳೆದರೆ, ಒಳಗಿನ ತೆಳು ಬಿಲ್ಲೆಯಂಥ ನರವೂ ಜೊತೆಗೆ ಬರುತ್ತದೆ. ಮಾಂಸ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಒಮ್ಮೊಮ್ಮೆ ಇಡೀ ಮುಂಗಾಲಿನ ಮಾಂಸ ಅಚ್ಚಿನಿಂದ ತೆಗೆದ ಹಾಗೆ ಬರುತ್ತದೆ. ಗೆಣ್ಣುಗಳಲ್ಲಿ ಉಳಿದದ್ದಕ್ಕೆ ಚಮಚ ಫೋರ್ಕ್ ಹುಡುಕಬೇಡಿ, ಅದೇ ಇಕ್ಕಳದ ಮೊನಚು ತುದಿಯಿಂದ ಕೆದಕಿ. ಆಮೇಲೆ ಚಿಪ್ಪನ್ನು ಚೀಪಿ, ನಾಚಿಕೆ ಬೇಡ. ಚಿಕ್ಕ ಮಕ್ಕಳಿಗೆ ಮಾತ್ರ ನೀವೇ ಬಿಡಿಸಿ, ಬೆರಳಿನಿಂದ ಒತ್ತಿ ಚೂರು ಇಲ್ಲ ಅಂತ ನೋಡಿ ಕೊಡಿ.

ಹೊರದೇಶದಲ್ಲಿರುವವರಿಗೆ

ಅಮೆರಿಕ, ಕೆನಡಾದಲ್ಲಿರುವ ನಮ್ಮವರಿಗೆ ಬರೀ ಕಾಲಿನ ಪ್ಯಾಕೆಟ್ಟೇ ಸಿಗುತ್ತದೆ, ಸ್ನೋ ಕ್ರ್ಯಾಬ್ ಮತ್ತು ಕಿಂಗ್ ಕ್ರ್ಯಾಬ್. ತಣ್ಣನೆ ಸಮುದ್ರದ ಏಡಿಗಳು, ಒಂದೊಂದು ಕಾಲೂ ಮೊಳದುದ್ದ. 2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾದವರು ಬೇರಿಂಗ್ ಸಮುದ್ರದ ಸ್ನೋ ಕ್ರ್ಯಾಬ್ ಹಂಗಾಮನ್ನೇ ಮೊದಲ ಸಲ ರದ್ದು ಮಾಡಿದರು, ಏಡಿಗಳ ಸಂಖ್ಯೆ ಅಷ್ಟು ಕುಸಿದಿತ್ತು. ಅಂಗಡಿಗೆ ಬರುವ ಸ್ನೋ ಕ್ರ್ಯಾಬ್‌ನಲ್ಲಿ ಕೆನಡಾದ್ದೇ ಜಾಸ್ತಿ.

ಮುಖ್ಯವಾಗಿ ತಿಳಿಯಬೇಕಾದ್ದು, ಫ್ರೀಜರ್‌ನಲ್ಲಿ ಸಿಗುವ ಈ ಕಾಲುಗಳನ್ನು ಸಾಮಾನ್ಯವಾಗಿ ಬೇಯಿಸಿಯೇ ಹೆಪ್ಪುಗಟ್ಟಿಸಿರುತ್ತಾರೆ. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. ನೀವು ಮಾಡಬೇಕಾದ್ದು ಬಿಸಿ ಮಾಡುವುದು ಮಾತ್ರ. ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ ಕರಗಿಸಿ. ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡಿ, ಸ್ನೋ ಕ್ರ್ಯಾಬ್‌ಗೆ ಐದಾರು ನಿಮಿಷ, ಕಿಂಗ್ ಕ್ರ್ಯಾಬ್‌ಗೆ ಏಳೆಂಟು. ಕತ್ತರಿಯಿಂದ ಚಿಪ್ಪನ್ನು ಉದ್ದಕ್ಕೆ ಸೀಳಿದರೆ ಮಾಂಸ ಪೂರ್ತಿ ಬರುತ್ತದೆ, ಒಡೆಯುವ ಕೆಲಸವಿಲ್ಲ. ಅಲ್ಲಿಯವರು ಕರಗಿಸಿದ ಬೆಣ್ಣೆಯಲ್ಲಿ ಅದ್ದಿ ತಿನ್ನುತ್ತಾರೆ. ನೀವು ತುಪ್ಪದಲ್ಲಿ ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು, ಬ್ಯಾಡಗಿ ಪುಡಿ ಹಾಕಿ ಬಿಸಿ ಮಾಡಿ, ಮೇಲೆ ನಿಂಬೆ ಹಿಂಡಿ. ಕುಂದಾಪುರದ ಘೀ ರೋಸ್ಟ್ ನೆನಪಾಗುತ್ತದೆ. ಈ ಕಾಲುಗಳನ್ನು ಸುಕ್ಕದ ಮಸಾಲೆಯಲ್ಲಿ ಮತ್ತೆ ಕುದಿಸಬೇಡಿ, ಮೊದಲೇ ಬೆಂದದ್ದು ಹತ್ತಿಯ ಹಾಗಾಗುತ್ತದೆ. ಮಸಾಲೆ ಬೇರೆ ಮಾಡಿ, ಬಿಡಿಸಿದ ಮಾಂಸವನ್ನು ಕೊನೆಗೆ ಸೇರಿಸಿ ಒಲೆ ಆರಿಸಿ.

ಇನ್ನೆರಡು ಮಾತು

ಏಡಿ, ಸಿಗಡಿ ತಿಂದರೆ ತುರಿಕೆ, ತುಟಿ ಊತ, ಉಸಿರಾಟದ ತೊಂದರೆ ಬರುವವರಿದ್ದಾರೆ. ಮನೆಗೆ ಬರುವವರನ್ನು ಮೊದಲೇ ಕೇಳಿ. ಅಂಥವರಿಗೆ ಬರೀ ಗ್ರೇವಿಯೂ ಬೇಡ, ಅದೇ ಸೌಟೂ ಬೇಡ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ, ಮರುದಿನವೇ ಮುಗಿಸಿ. ಬಿಸಿ ಮಾಡುವಾಗ ಒಂದೆರಡು ಚಮಚ ನೀರು ಚಿಮುಕಿಸಿ ಮುಚ್ಚಿಡಿ, ಹಬೆ ಚೆನ್ನಾಗಿ ಏಳಲಿ. ಚಿಪ್ಪನ್ನು ಗಿಡದ ಬುಡದಲ್ಲಿ ಒಂದು ಮೊಳ ಆಳಕ್ಕೆ ಹೂಳಿ, ಇಲ್ಲದಿದ್ದರೆ ಬೀದಿಯ ಬೆಕ್ಕು ನಾಯಿಗಳೆಲ್ಲ ಅಂಗಳದಲ್ಲಿ ಸೇರುತ್ತವೆ. ಪಾತ್ರೆಯನ್ನು ಮಾತ್ರ ಖಾಲಿಯಾದ ಕೂಡಲೇ ತೊಳೆಯಲು ಹಾಕಬೇಡಿ. ತಳಕ್ಕೆ ಹಿಡಿದ ಮಸಾಲೆಗೆ ಒಂದು ಹಿಡಿ ಬಿಸಿ ಕುಚಲಕ್ಕಿ ಅನ್ನ ಹಾಕಿ, ಪಾತ್ರೆಯಲ್ಲೇ ಒರೆಸಿ ಕಲಸಿ ಉಂಡೆ ಕಟ್ಟಿ ಕೊಡುತ್ತಿದ್ದರು ಅಮ್ಮ. ಕೊನೆಯ ಉಂಡೆ ಯಾರಿಗೆ ಅಂತ ನಮ್ಮ ಮನೆಯಲ್ಲಿ ಇವತ್ತಿಗೂ ಜಗಳ ಇದೆ.